ಹುಳುಮನೆ, ಮೂರನೇ ಹಂತ, ಬಸವೇಶ್ವರನಗರ

ಯಾರಾದರೂ ಬಂದು ತಾವು ಕಪ್ಪೆ ಸಾಕಿದ್ದೇವೆ ಎಂದರೆ ನಂಬಬೇಡಿ. ಅವರು ಸಾಕಿರುವುದು ಜೀರುಂಡೆಗಳನ್ನು. ಕಪ್ಪೆ ಬರೀ ನೆಪ. ಕಪ್ಪೆಗೆ ದಿನಕ್ಕೆ ಐದು ನಿಮಿಷ ಸಾಕು. ನೀರು ಚಿಮುಕಿಸಬೇಕು, ಬದುಕಿದೆಯೋ ಇಲ್ಲವೋ ಎಂದು ಇಣುಕಬೇಕು, ಗಂಟಲು ಆಡುತ್ತಿದ್ದರೆ ಸಮಾಧಾನಪಟ್ಟುಕೊಂಡು ಮುಚ್ಚಳ ಹಾಕಬೇಕು. ಮಿಕ್ಕ ಹೊತ್ತೆಲ್ಲ ಕಪ್ಪೆಯ ಊಟಕ್ಕೆ ಊಟ ಹಾಕುವುದು, ಊಟದ ಬಾಣಂತನ ಮಾಡುವುದು, ಊಟಕ್ಕೆ ಬೆಚ್ಚಗಿದೆಯೇ ಎಂದು ನೋಡುವುದು, ಊಟವೇ ತಪ್ಪಿಸಿಕೊಂಡು ಫ್ರಿಜ್ಜಿನ ಹಿಂದೆ ಸೇರಿದಾಗ ಟಾರ್ಚು ಹಿಡಿದು ಹುಡುಕುವುದು, ಇದರಲ್ಲೇ ಕಳೆದುಹೋಗುತ್ತದೆ.

ನಮ್ಮ ಮನೆಯಲ್ಲಿರುವುದು ಎರಡು ಪ್ಯಾಕ್‌ಮನ್ ಕಪ್ಪೆ. 1980ರ ವಿಡಿಯೋ ಗೇಮಿನಲ್ಲಿ ಬಾಯಿ ಅಗಲಿಸಿಕೊಂಡು ಎದುರಿಗೆ ಸಿಕ್ಕಿದ್ದನ್ನೆಲ್ಲ ನುಂಗುತ್ತ ಹೋಗುತ್ತಿದ್ದ ಹಳದಿ ಉಂಡೆಯ ಹೆಸರನ್ನು ಈ ಪ್ರಾಣಿಗೆ ಇಟ್ಟವರು ಯಾರೋ, ಉತ್ಪ್ರೇಕ್ಷೆಯನ್ನಂತೂ ಮಾಡಿಲ್ಲ. ಇದರ ದೇಹಕ್ಕೆ ಬಾಯಿ ಇದೆ ಎನ್ನುವುದಕ್ಕಿಂತ, ಬಾಯಿಯ ಹಿಂದೆ ಒಂದಿಷ್ಟು ದೇಹ ಅಂಟಿಕೊಂಡಿದೆ ಎನ್ನುವುದೇ ಸರಿ. ಪೂರ್ವಿಕರು ಅರ್ಜೆಂಟೀನಾ, ಪರಗ್ವೆ ಕಡೆಯವರು. ನಮ್ಮವು ಮಾತ್ರ ಯಾರದೋ ಮನೆಯ ಡಬ್ಬಿಯಲ್ಲಿ ಹುಟ್ಟಿ, ಬಿಲ್ಲಿನ ಸಮೇತ ಬಂದವು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೆ ಕೇಳಿದ್ದು ಕೊಡಿಸುತ್ತೇನೆ ಎಂದು ಮಗಳಿಗೆ ಮಾತು ಕೊಟ್ಟವಳು ನನ್ನ ಹೆಂಡತಿ. ಸ್ಕೂಟರ್ ಕೇಳುತ್ತಾಳೆಂದು ಅವಳು ದುಡ್ಡು ಕೂಡಿಟ್ಟಿದ್ದಳು. ಹುಡುಗಿ ಕಪ್ಪೆ ಕೇಳಿದಳು. ಸ್ಕೂಟರಿಗಿಂತ ಅಗ್ಗ, ಪೆಟ್ರೋಲೂ ಬೇಡ ಎಂದು ನಾವಿಬ್ಬರೂ ಒಳಗೊಳಗೇ ಖುಷಿಪಟ್ಟೆವು.

ಹೆಸರಿಡುವ ಪ್ರಸಂಗ ಬಂದಾಗ, ಬಾದಾಮಿಯ ಬಂಡೆಯ ಮೇಲೆ ಸುಮಾರು 1300 ವರ್ಷದಿಂದ ನಿಂತಿರುವ ಕಪ್ಪೆ ಅರಭಟ್ಟನ ಹೆಸರಿಡೋಣ, ಕಪ್ಪೆಗೂ ಒಂದು ಇತಿಹಾಸ ಸಿಕ್ಕಂತಾಗುತ್ತದೆ ಎಂದು ನಾನು ಸೂಚಿಸಿದೆ. ಯಾರೂ ಅನುಮೋದಿಸಲಿಲ್ಲ. ಕೋಕೋಪೀಟಿನಲ್ಲಿ ಅರ್ಧ ಹೂತುಕೊಂಡು ದುಂಡಗೆ ಕೂತಿದ್ದ ದೊಡ್ಡದನ್ನು ನೋಡಿ ನಮ್ಮಮ್ಮ, "ಬಿಸಿ ಮುದ್ದೆ ತಟ್ಟೇಲಿ ಇಕ್ಕಿದಂಗೈತೆ" ಅಂದಳು. ಅಲ್ಲಿಗೆ ಅರಭಟ್ಟನ ಕತೆ ಮುಗಿಯಿತು. ದೊಡ್ಡದು ಮುದ್ದೆಯಾಯಿತು. ಮುದ್ದೆ ಒಂದೇ ಇರಬಾರದೆಂದು ಚಿಕ್ಕದು ಬಸ್ಸಾರಾಯಿತು.

ಹೆಸರು ಇನ್ನೊಂದು ಕಾರಣಕ್ಕೂ ಒಪ್ಪುತ್ತದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ನಮ್ಮ ಸೀಮೆಯಲ್ಲಿ ಹುಟ್ಟಿದ ಎಲ್ಲರಿಗೂ ಮೊದಲು ಕಲಿಸುವ ಪಾಠ. ಈ ಮುದ್ದೆಯೂ ಅಗಿಯುವುದಿಲ್ಲ. ನಾಲಗೆ ಚಾಚಿ ಅಂಟಿಸಿಕೊಂಡು ಒಳಗೆಳೆದು, ಎರಡೂ ಕಣ್ಣು ಮುಚ್ಚುತ್ತದೆ. ರುಚಿಗೆ ಮೈಮರೆತಿದೆ ಎಂದುಕೊಂಡಿದ್ದೆವು. ಹಾಗಲ್ಲ, ಕಪ್ಪೆ ಕಣ್ಣುಗುಡ್ಡೆಗಳನ್ನು ಬಾಯಿಯೊಳಕ್ಕೆ ಇಳಿಸಿ ತುತ್ತನ್ನು ಗಂಟಲಿಗೆ ತಳ್ಳುತ್ತದೆ. ನಾಲಗೆಯ ಅಂಟಿನ ವಿಷಯ ಇನ್ನೂ ಭಯಂಕರ. 2014ರಲ್ಲಿ ಜರ್ಮನಿಯ ಕೀಲ್‌ನ ಸಂಶೋಧಕರು ಇದೇ ಜಾತಿಯ ಕಪ್ಪೆಗಳ ಎದುರಿಗೆ ಗಾಜು ಹಿಡಿದು, ಗಾಜಿನ ಆಚೆ ಒಂದು ಜೀರುಂಡೆಯನ್ನಿಟ್ಟು, ಆಸೆಗೆ ಚಾಚಿದ ನಾಲಗೆಯ ಎಳೆತವನ್ನು ಅಳೆದರು. ಅದು ಕಪ್ಪೆಯ ಮೈತೂಕವನ್ನೇ ಮೀರಿಸಿತ್ತು. ಊಟ ಕಾಣಿಸಿಯೂ ಸಿಗದ ಆ ಕಪ್ಪೆಗಳಿಗೆ ಆಮೇಲೆ ಏನಾದರೂ ಕೊಟ್ಟರೋ ಇಲ್ಲವೋ ಎನ್ನುವುದೇ ಅಮ್ಮನ ಚಿಂತೆಯಾಗಿತ್ತು.

ಕಪ್ಪೆಯ ದೊಡ್ಡ ತಕರಾರೆಂದರೆ, ಅಲ್ಲಾಡದ್ದು ಅದರ ಕಣ್ಣಿಗೆ ಊಟವಲ್ಲ. ಸತ್ತ ಹುಳುವನ್ನು ಮೂಗಿನ ತುದಿಯಲ್ಲಿಟ್ಟರೂ ಕಲ್ಲೆಂದೇ ಅಂದುಕೊಂಡು ಕೂತಿರುತ್ತದೆ. ಹಾಗಾಗಿ ಜೀವಂತ ಜೀರುಂಡೆ ಬೇಕು. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುತ್ತಿತ್ತು. ಒಂದು ಸಣ್ಣ ಡಬ್ಬಿ ಕೊಳ್ಳುವ ದುಡ್ಡಿಗೆ ಒಬ್ಬ ಮನುಷ್ಯ ಮಸಾಲೆ ದೋಸೆ ತಿಂದು ಕಾಫಿ ಕುಡಿದು ಬರಬಹುದಿತ್ತು. ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಡಬ್ಬಿಯಲ್ಲಿ ಕಾಲು ಭಾಗ ಸತ್ತು, ಸತ್ತವನ್ನು ಉಳಿದವು ತಿಂದು, ತಿಂದವು ಅಜೀರ್ಣದಿಂದ ಮಂಕಾಗಿರುತ್ತಿದ್ದವು. ಕೆಂಗೇರಿ ಉಪನಗರದಲ್ಲಿರುವ ನನ್ನ ಭಾವ ಇದನ್ನೆಲ್ಲ ಕೇಳಿ ಬಿದ್ದು ಬಿದ್ದು ನಕ್ಕ. "ನಮ್ಮನೆ ಪಕ್ಕದ ಖಾಲಿ ಸೈಟಲ್ಲಿ ಒಂದು ಮಳೆ ಬಿದ್ರೆ ಸಾಕು, ರಾತ್ರಿಯೆಲ್ಲ ಕಪ್ಪೆ ಕಚೇರಿ. ಬಕೆಟ್ ತಗೊಂಡು ಬಾ" ಅಂದ. ಹಾಗೆ ಬಕೆಟ್ ತೆಗೆದುಕೊಂಡು ಹೋಗುವಂತಿಲ್ಲ. ನಮ್ಮ ನೆಲದ ಕಪ್ಪೆ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತಂಟೆಗೆ ಹೋದಂತೆ ಎಂದು ಮಗಳು ವಿವರಿಸಿದಳು. ಬೆಂಗಳೂರಿನ ಹೆಸರನ್ನೇ ಹೊತ್ತ ಒಂದು ಬಿಲಗಪ್ಪೆ ಇದೆ, ರಾಜಾನುಕುಂಟೆಯ ಕಡೆ ಸಿಕ್ಕಿದ್ದು, 2020ರಲ್ಲಷ್ಟೇ ಅದು ಬೇರೆಯೇ ಜಾತಿ ಎಂದು ಗೊತ್ತಾಯಿತು ಎಂದೂ ಹೇಳಿದಳು. ಊರಿನ ಕಪ್ಪೆ ಊರಲ್ಲೇ ಇದ್ದೂ ಅಷ್ಟು ವರ್ಷ ಯಾರ ಲೆಕ್ಕಕ್ಕೂ ಸಿಗದಿದ್ದುದು ಭಾವನಿಗೆ ಬಹಳ ಹಿಡಿಸಿತು. ಅವನು ಆಸ್ತಿ ನೋಂದಣಿ ದಸ್ತಾವೇಜು ಬರೆಯುವವನು.

ಕೊನೆಗೆ ಜೀರುಂಡೆಯನ್ನು ಮನೆಯಲ್ಲೇ ಬೆಳೆಸುವುದೆಂದು ತೀರ್ಮಾನವಾಯಿತು. ಮಗಳು ತಂದದ್ದು ಕಪ್ಪು ಜೀರುಂಡೆ, ರೆಕ್ಕೆಯ ಬುಡದಲ್ಲಿ ಎರಡು ಹಳದಿ ಚುಕ್ಕೆ ಇರುವಂಥದ್ದು. ಇದಕ್ಕಿಂತ ಕಂದು ಬಣ್ಣದ ಮನೆ ಜೀರುಂಡೆ ಸಾಧು ಸ್ವಭಾವದ್ದು, ಕೂಗೂ ಮೆಲ್ಲಗೆ. ಆದರೆ ಅದಕ್ಕೊಂದು ವೈರಸ್ ಕಾಟ. 2002ರ ಸುಮಾರಿಗೆ ಯುರೋಪಿನ, 2009-10ರಲ್ಲಿ ಅಮೆರಿಕದ ಜೀರುಂಡೆ ಫಾರಂಗಳನ್ನು ಅದು ಗುಡಿಸಿ ಹಾಕಿತ್ತು. ಜೀರುಂಡೆಗೆ ಫಾರಂ ಇರುತ್ತದೆ, ಫಾರಂ ದಿವಾಳಿಯೂ ಆಗುತ್ತದೆ ಎನ್ನುವುದು ನನಗೆ ಹೊಸ ಸಂಗತಿ. ಅಮ್ಮನಿಗೆ ಹೊಸದಾಗಿರಲಿಲ್ಲ.

ಅಮ್ಮನ ವಿಷಯವನ್ನು ಇಲ್ಲಿ ಹೇಳಲೇಬೇಕು. ಅವಳು ಮಾಗಡಿ ತಾಲ್ಲೂಕಿನ ಕುದೂರು ಕಡೆಯವಳು. ಮದುವೆಗೆ ಮುಂಚೆಯೂ ಆಮೇಲೂ ಅವಳ ಅರ್ಧ ಆಯುಸ್ಸು ರೇಷ್ಮೆ ಹುಳುವಿಗೆ ಸಂದಿದೆ. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ಆ ಹುಳು ಅವಳ ತವರಿನಲ್ಲಿ ಮನೆಯ ದೊಡ್ಡ ಕೋಣೆಯನ್ನು ಹಿಡಿದುಕೊಂಡು, ಮನುಷ್ಯರನ್ನು ಜಗುಲಿಗೆ ಹಾಕಿತ್ತು. ರೇಷ್ಮೆ ಹುಳುವಿನ ಶತ್ರುವಾದ ಊಜಿ ನೊಣ ಬಂಗಾಳದಿಂದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದಿಳಿದದ್ದು 1980ರಲ್ಲಿ. ಅದನ್ನು ಅವಳು ಇಂದಿಗೂ ನಮ್ಮ ಕುಟುಂಬದ ಮೇಲಾದ ಖಾಸಗಿ ದಾಳಿಯೆಂದೇ ಹೇಳುತ್ತಾಳೆ. ಅಪ್ಪ ಹೋದ ಮೇಲೆ ಬಸವೇಶ್ವರನಗರಕ್ಕೆ ಬಂದು, ಟಿವಿ ಧಾರಾವಾಹಿಗಳ ಸೊಸೆಯಂದಿರನ್ನು ಬೈದುಕೊಂಡು ಕಾಲ ಹಾಕುತ್ತಿದ್ದಳು. ಕೈಗೆ ಕೆಲಸವಿಲ್ಲದೆ ಅವಳ ಬೆರಳುಗಳು ಸೋಫಾದ ಅಂಚನ್ನು ಹಿಸುಕುತ್ತಿದ್ದವು.

ಮಗಳು ಹಿತ್ತಲ ಯುಟಿಲಿಟಿಯಲ್ಲಿ ಎರಡು ಪ್ಲಾಸ್ಟಿಕ್ ಕ್ರೇಟು, ಕಮಲಾನಗರದ ಅಂಗಡಿಯಿಂದ ಬೇಡಿ ತಂದ ಮೊಟ್ಟೆಯ ಟ್ರೇಗಳು, ಒಂದು ಬಲ್ಬು ಇಟ್ಟುಕೊಂಡು ಮೊಬೈಲ್ ನೋಡುತ್ತ ಏನೇನೋ ಜೋಡಿಸುತ್ತಿದ್ದಾಗ ಅಮ್ಮ ಬಂದು ನಿಂತಳು. ಮೊದಲ ದಿನ ಮೂಗು ಮುರಿದಳು. "ನಮ್ಮ ಹುಳ ರೇಷ್ಮೆ ಕೊಡ್ತಿತ್ತು, ಇದೇನ್ ಕೊಟ್ಟಾತು, ಹಿಕ್ಕೆ" ಅಂದಳು. ಎರಡನೇ ದಿನ ಬಂದು, ಟ್ರೇ ಅಡ್ಡ ಇಟ್ಟರೆ ಹಿಕ್ಕೆ ನಿಲ್ಲುತ್ತದೆ, ನಿಲ್ಲಿಸಿ ಇಡು ಎಂದಳು. ಆಮೇಲೆ ಮಗಳು ಅಲ್ಲಿ ಸಹಾಯಕಿ ಮಾತ್ರ.

ಹೆಣ್ಣು ಜೀರುಂಡೆಗೆ ಹಿಂಬದಿಯಲ್ಲಿ ದಬ್ಬಳದಷ್ಟು ನೇರವಾದ ಕೊಳವೆ ಇರುತ್ತದೆ. ಅದನ್ನು ಒದ್ದೆ ಮಣ್ಣಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಂದೊಂದೂ ನೂರಾರು. ಮೂವತ್ತು ಡಿಗ್ರಿ ಶಾಖ ಸಿಕ್ಕರೆ ಹತ್ತು ಹನ್ನೆರಡು ದಿನದಲ್ಲಿ ಮರಿ. ಬೆಂಗಳೂರಿನ ಡಿಸೆಂಬರಿನಲ್ಲಿ ಬಲ್ಬು ಆರಿದರೆ ಮೊಟ್ಟೆಗಳು ಏನೂ ಅವಸರವಿಲ್ಲವೆಂದು ಮಲಗಿಬಿಡುತ್ತವೆ. ಒಡೆದು ಬರುವ ಮರಿ ಇರುವೆಗಿಂತ ಚಿಕ್ಕದು. ಸಾಕುವವರು ಅದನ್ನು ಪಿನ್‌ಹೆಡ್ ಎನ್ನುತ್ತಾರೆ. ಅಮ್ಮ ಚಾಕಿ ಎನ್ನುತ್ತಾಳೆ. ಚಾಕಿ ಹುಳುವನ್ನು ಹೇಗೆ ನೋಡಿಕೊಳ್ಳಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತಟ್ಟೆಯಲ್ಲಿ ನೀರಿಟ್ಟರೆ ಮರಿಗಳು ಮುಳುಗಿ ಸಾಯುತ್ತವೆ, ಹತ್ತಿ ನೆನೆಸಿ ಇಡು ಎಂದು ಅವಳು ಹೇಳಿದಾಗ ಮಗಳು ಮೊಬೈಲಿನಲ್ಲಿ ಅದನ್ನೇ ಓದುತ್ತಿದ್ದಳು.

ಹುಳುಮನೆಯ ಕಟ್ಟಳೆಗಳೂ ಒಂದೊಂದಾಗಿ ಬಂದವು. ಯುಟಿಲಿಟಿಯ ಬಾಗಿಲಿಗೆ ಬ್ಲೀಚಿಂಗ್ ಪುಡಿಯ ಗೆರೆ. ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಊದುಬತ್ತಿ, ಸೊಳ್ಳೆಬತ್ತಿ, ಸೆಂಟು ಎಲ್ಲ ನಿಷೇಧ. ನಾನು ಡಿಯೋಡರೆಂಟು ಹಾಕಿಕೊಳ್ಳುವುದನ್ನು ಆಫೀಸಿನ ಲಿಫ್ಟಿಗೆ ಮುಂದೂಡಬೇಕಾಯಿತು. ಸೊಳ್ಳೆಗೆ ಹೊಗೆ ಬಿಡುವ ಗಾಡಿ ಹಾವನೂರು ವೃತ್ತದಲ್ಲಿ ಸದ್ದು ಮಾಡಿದರೆ ಸಾಕು, ಅಮ್ಮ ಮೂರನೇ ಹಂತದಲ್ಲಿ ಕಿಟಕಿ ಬಡಿಯುತ್ತ ಓಡಾಡುತ್ತಿದ್ದಳು. ಹೊರಗಿನವರಿಗೆ ತೋರಿಸುವಂತಿಲ್ಲ, ಕಣ್ಣಾಗುತ್ತದೆ. ಜೀರುಂಡೆಗೆ ಯಾರು ಕಣ್ಣು ಹಾಕುತ್ತಾರೆ ಎಂದು ಕೇಳಿದ ನನ್ನ ಹೆಂಡತಿಗೆ, "ಹಲ್ಲಿ ಹಾಕಲ್ವಾ?" ಎಂಬ ಉತ್ತರ ಸಿಕ್ಕಿತು. ಇನ್ನು ಇರುವೆ. ರೇಷ್ಮೆ ತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಏರುವುದಿಲ್ಲ. ಅದಕ್ಕಾಗಿ ನಮ್ಮ ಮದುವೆಯಲ್ಲಿ ಉಡುಗೊರೆಯಾಗಿ ಬಂದ, ಹೆಸರು ಕೆತ್ತಿದ ಸ್ಟೀಲ್ ಬಟ್ಟಲುಗಳು ಅಡುಗೆಮನೆಯಿಂದ ವರ್ಗವಾದವು.

ಊಟದ ವಿಷಯಕ್ಕೆ ಬಂದರೆ, ಜೀರುಂಡೆಯ ಮೈಯಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಬರೀ ಅದನ್ನೇ ತಿಂದ ಕಪ್ಪೆಯ ಮೂಳೆ ಮೆತ್ತಗಾಗುತ್ತದೆ. ಅದಕ್ಕೇ ತಿನ್ನಿಸುವ ಮುಂಚೆ ಜೀರುಂಡೆಗೆ ಕ್ಯಾಲ್ಸಿಯಂ ಪುಡಿ ಸವರುತ್ತಾರೆ. ಹಿಂದಿನ ದಿನ ಅದರ ಹೊಟ್ಟೆಗೂ ಒಳ್ಳೆಯದನ್ನೇ ತುಂಬಿಸುತ್ತಾರೆ. ಇದಕ್ಕೆ ಗಟ್ ಲೋಡಿಂಗ್ ಎಂದು ಹೆಸರು. ಮಗಳು ಪರದೇಶದ ಯಾವುದೋ ಪುಡಿಯ ಬೆಲೆ ಹೇಳಿದಳು. ಅಮ್ಮ ಡಬ್ಬದಿಂದ ಒಂದು ಹಿಡಿ ರಾಗಿ ಹಿಟ್ಟು ತೆಗೆದು ಚೆಲ್ಲಿದಳು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆಯೆಂದು ಮಗಳು ಲೆಕ್ಕ ನೋಡಿ ಸುಮ್ಮನಾದಳು. ಅಂದಿನಿಂದ ನಮ್ಮ ಮನೆಯಲ್ಲಿ ರಾಗಿ ತಿಂದ ಜೀರುಂಡೆಯನ್ನು ಮುದ್ದೆ ತಿನ್ನುತ್ತದೆ, ಮುದ್ದೆ ತಿಂದ ನಾವು ಅದನ್ನು ನೋಡುತ್ತೇವೆ.

ಸೊಪ್ಪಿನ ಕತೆ ಇನ್ನೂ ಸ್ವಾರಸ್ಯದ್ದು. ಔಷಧಿ ಹೊಡೆದ ಎಲೆ ರೇಷ್ಮೆ ಹುಳುವಿಗೆ ವಿಷ. ಪಕ್ಕದ ಹೊಲದಲ್ಲಿ ಹೊಡೆದದ್ದು ಗಾಳಿಗೆ ಬಂದು ಹಿಪ್ಪುನೇರಳೆಗೆ ಕೂತರೂ ಬೆಳೆ ಹೋದಂತೆ. ಜೀರುಂಡೆಯೂ ಹಾಗೇ. ಹಾಗಾಗಿ ವಿಜಯನಗರ ಮಾರುಕಟ್ಟೆಯಿಂದ ತಂದ ಕೊತ್ತಂಬರಿ, ದಂಟು, ಕೀರೆ ಎಲ್ಲದರಿಂದಲೂ ಒಂದೊಂದು ಎಳೆಯನ್ನು ಅಮ್ಮ ಬೇರೆ ಡಬ್ಬಿಯಲ್ಲಿರುವ ನಾಲ್ಕು ಜೀರುಂಡೆಗಳಿಗೆ ಕೊಟ್ಟು ನೋಡುತ್ತಿದ್ದಳು. ಮಾರನೆಯ ದಿನ ಅವು ಚುರುಕಾಗಿದ್ದರೆ ಸೊಪ್ಪು ಕ್ರೇಟಿಗೆ ಹೋಗುತ್ತಿತ್ತು. ಕ್ರೇಟಿನಲ್ಲೂ ಅನಾಹುತ ಆಗದಿದ್ದರೆ ನಮ್ಮ ಸಾರಿಗೆ. ಹಿಂದೆ ರಾಜರ ಊಟವನ್ನು ಸೇವಕರು ಮೊದಲು ರುಚಿ ನೋಡುತ್ತಿದ್ದರಂತೆ. ನಮ್ಮ ಮನೆಯಲ್ಲಿ ಆ ಸರದಿಯ ಕೊನೆಯಲ್ಲಿ ನಿಂತದ್ದು ನಾನು, ನನ್ನ ಹೆಂಡತಿ. ಒಮ್ಮೆ ಬೆಳಿಗ್ಗೆ ನಾಲ್ಕೂ ಜೀರುಂಡೆ ಕಾಲು ಮೇಲೆ ಮಾಡಿ ಮಲಗಿದ್ದವು. ಆ ವಾರ ಕೊತ್ತಂಬರಿ ಇಲ್ಲದ ರಸಂ ಕುಡಿದೆವು, ಯಾರೂ ಗೊಣಗಲಿಲ್ಲ.

ಪೊರೆ ಬಿಡುವಾಗ ಜೀರುಂಡೆಯ ಜೀವ ಗಂಡಾಂತರದಲ್ಲಿರುತ್ತದೆ. ದೊಡ್ಡದಾಗುವ ಹೊತ್ತಿಗೆ ಎಂಟು ಹತ್ತು ಸಲ ಹಳೇ ಚರ್ಮ ಸೀಳಿಕೊಂಡು, ಮೆತ್ತಗೆ ಬೆಳ್ಳಗೆ ಹೊರಬರುತ್ತದೆ. ಆಗ ಪಕ್ಕದಲ್ಲಿರುವ ಅಣ್ಣತಮ್ಮಂದಿರಿಗೆ ಹಸಿವಿದ್ದರೆ ಮುಗಿಯಿತು. ರೇಷ್ಮೆಯವರು ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸದ್ದು ಮಾಡಬಾರದು, ಸೊಪ್ಪು ಹಾಕಬಾರದು, ಮುಟ್ಟಬಾರದು. ಒಂದು ಸಂಜೆ ಅಮ್ಮ ಗೇಟಿನ ಹತ್ತಿರ ನಿಂತು ಕುದೂರಿನ ತಂಗಿಗೆ ಫೋನು ಮಾಡಿದಳು. ಅಮ್ಮ ಫೋನಿನಲ್ಲಿ ಮಾತಾಡಿದರೆ ಕುದೂರಿಗೆ ಫೋನಿಲ್ಲದೆಯೂ ಕೇಳುತ್ತದೆ. "ಬರಕ್ಕಾಗಲ್ಲ ಕಣೇ. ಮನೇಲಿ ಎಲ್ಲಕ್ಕೂ ಜ್ವರ. ನೆನ್ನೆಯಿಂದ ಒಂದೂ ಅಲ್ಲಾಡ್ತಿಲ್ಲ. ಒಂದೆರಡು ಹೋದ್ವು. ಹೋದವನ್ನ ಉಳಿದವು ತಿಂದ್ಬಿಟ್ವು."

ಎದುರು ಮನೆಯವರು ಕೊನೆಯ ವಾಕ್ಯವನ್ನು ಕೇಳಿಸಿಕೊಂಡಿರಲಿಲ್ಲವೆಂದು ಕಾಣುತ್ತದೆ. ಮಾರನೆಯ ಬೆಳಿಗ್ಗೆ ಡೆಂಗಿ ತಪಾಸಣೆಗೆಂದು ಆರೋಗ್ಯ ಕಾರ್ಯಕರ್ತೆಯೊಬ್ಬರು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳ್ಳೆಯ ಹೆಂಗಸು. ಮನೆಯಲ್ಲಿ ಎಷ್ಟು ಜನಕ್ಕೆ ಜ್ವರ ಎಂದು ಕೇಳಿದರು. ಅಮ್ಮ ನಿಜವನ್ನೇ ಹೇಳಿದಳು: "ಒಂದಿನ್ನೂರಕ್ಕೆ ಇರ್ಬೋದು." ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಸಂಗತಿ ಬಿಡಿಸಿ ಹೇಳುವಷ್ಟರಲ್ಲಿ ಅವರ ಕಣ್ಣು ಯುಟಿಲಿಟಿಯ ಸ್ಟ್ಯಾಂಡಿನ ಕೆಳಗೆ ಬಿತ್ತು. ನೀರು ತುಂಬಿದ ಬಟ್ಟಲುಗಳ ಸಾಲು. ಡೆಂಗಿ ಸೊಳ್ಳೆ ಮೊಟ್ಟೆ ಇಡಲು ಹುಡುಕಿಕೊಂಡು ಬರುವುದು ಇಂಥ ನಿಂತ ನೀರನ್ನೇ. ಕೆಳಗೆ ಸೊಳ್ಳೆ, ನಡುವೆ ಜೀರುಂಡೆ, ಮೇಲೆ ಕಪ್ಪೆ. ಇಷ್ಟು ವ್ಯವಸ್ಥಿತವಾಗಿ ಎಲ್ಲವನ್ನೂ ಒಂದೇ ಸೂರಿನಡಿ ಸಾಕಿರುವ ಮನೆಯನ್ನು ಅವರು ಕಂಡಿರಲಾರರು. ಬಟ್ಟಲ ನೀರಿಗೆ ಒಂದೊಂದು ಹನಿ ಎಣ್ಣೆ ಬಿಡಬೇಕು, ವಾರಕ್ಕೊಮ್ಮೆ ಚೆಲ್ಲಬೇಕು ಎಂಬ ಷರತ್ತಿನ ಮೇಲೆ ರಾಜಿಯಾಯಿತು. ಹೋಗುವಾಗ ಅವರು ಮುದ್ದೆಯ ಫೋಟೋ ತೆಗೆದುಕೊಂಡು ಹೋದರು. ಇಲಾಖೆಗೋ ಮಕ್ಕಳಿಗೆ ತೋರಿಸುವುದಕ್ಕೋ ಹೇಳಲಿಲ್ಲ.

ಇನ್ನು ಸದ್ದು. ಹಾಡುವುದು ಗಂಡು ಮಾತ್ರ. ಮಹಡಿಯ ಮೇಲೆ ನಮ್ಮ ಮನೆಯ ಮಾಲೀಕರು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ವರ್ಕ್‌ಶಾಪುಗಳಲ್ಲಿ ಟರ್ನರ್ ಆಗಿ ದುಡಿದು ನಿವೃತ್ತರಾದವರು. ಯಂತ್ರದ ಸದ್ದು ಕೇಳಿಯೇ ರೋಗ ಹೇಳುತ್ತಾರೆ. ಅವರ ಪ್ರಕಾರ ಜಗತ್ತಿನ ಎಲ್ಲ ಕೆಟ್ಟ ಸದ್ದಿಗೂ ಮೂಲ ಗ್ರೀಸ್ ಇಲ್ಲದ ಬೇರಿಂಗು. ನಮ್ಮದೊಂದು ಗಂಡು ತಪ್ಪಿಸಿಕೊಂಡು ಸಂಪಿನ ಮೋಟಾರಿನ ಗೂಡು ಸೇರಿ ಹಾಡತೊಡಗಿದಾಗ ಅವರು ಮೊದಲು ಗ್ರೀಸ್ ಹಚ್ಚಿದರು. ಸದ್ದು ನಿಲ್ಲಲಿಲ್ಲ. ಕಾಮಾಕ್ಷಿಪಾಳ್ಯದಿಂದ ಬೇರಿಂಗು ತರಿಸಿ ಹಾಕಿದರು. ಸದ್ದು ನಿಂತಿತು. ಬೇರಿಂಗು ಹಾಕುವಾಗಿನ ಬಡಿತಕ್ಕೆ ಹೆದರಿ ಜೀರುಂಡೆ ಬಾಯಿ ಮುಚ್ಚಿಕೊಂಡಿತ್ತು. ಅವರು ಮೇಲೆ ಹೋಗಿ ಕಾಫಿ ಲೋಟ ಎತ್ತಿದ ಕೂಡಲೇ ಮತ್ತೆ ಶುರು. ಮೋಟಾರಿನ ಸ್ವಿಚ್ ಆರಿಸಿದರೂ ಬೇರಿಂಗು ಕೂಗುತ್ತಿದೆ ಎನ್ನುವುದು ಅವರ ಗಮನಕ್ಕೆ ಬಂದದ್ದು ರಾತ್ರಿ.

ಸಿಟ್ಟಿನಿಂದ ಕೆಳಗೆ ಬಂದವರನ್ನು ಮಗಳು ಸಂಭಾಳಿಸಿದ ರೀತಿ ನೋಡುವಂತಿತ್ತು. ಕ್ಷಮೆ ಕೇಳಲಿಲ್ಲ. ಒಂದು ಗಂಡನ್ನು ಗಾಜಿನ ಲೋಟದಲ್ಲಿ ಹಾಕಿ ಭೂತಗನ್ನಡಿ ಕೊಟ್ಟಳು. ಜೀರುಂಡೆ ಬಾಯಲ್ಲಿ ಕೂಗುವುದಿಲ್ಲ, ಅಂಕಲ್. ಬಲ ರೆಕ್ಕೆಯ ಕೆಳಗೆ ಒಂದು ಅರ ಇದೆ, ನೂರಕ್ಕೂ ಹೆಚ್ಚು ಹಲ್ಲಿನದು. ಎಡ ರೆಕ್ಕೆಯ ಅಂಚು ಅದರ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಕಿವಿ ಇರುವುದು ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ. ಮಾಲೀಕರು ಬಹಳ ಹೊತ್ತು ಭೂತಗನ್ನಡಿಯಲ್ಲಿ ನೋಡಿದರು. "ಇಷ್ಟು ಸಣ್ಣ ಪಿಚ್ಚಲ್ಲಿ ಹಲ್ಲು ಕಟ್ಮಾಡೋದು ನಮ್ಮ ಕಾಲದ ಮಿಷಿನ್ನಲ್ಲಿ ಆಗ್ತಿರ್ಲಿಲ್ಲ" ಎಂದರು. ಆಮೇಲೆ ಬಾಡಿಗೆ ಕರಾರಿನ ಸಾಕುಪ್ರಾಣಿ ಕಲಮಿನ ಸುದ್ದಿ ಎತ್ತಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಅಮೆರಿಕದ ಡಾಲ್ಬೇರ್ ಎಂಬ ಭೌತವಿಜ್ಞಾನಿ 1897ರಲ್ಲಿ ಜೀರುಂಡೆಯ ಕೂಗಿನಿಂದ ಹವೆಯ ಉಷ್ಣತೆ ಹೇಳುವ ಸೂತ್ರ ಬರೆದಿದ್ದಾನೆ ಎಂದೂ ಮಗಳು ಹೇಳಿಬಿಟ್ಟಳು. ನಿಮಿಷಕ್ಕೆ ಎಷ್ಟು ಕೂಗು ಎಣಿಸಿ, ಅದರಲ್ಲಿ 40 ಕಳೆದು, 4ರಿಂದ ಭಾಗಿಸಿ, 50 ಕೂಡಿಸಿದರೆ ಫ್ಯಾರನ್‌ಹೀಟಿನಲ್ಲಿ ಉತ್ತರ. ಮಾಲೀಕರು ಕ್ಯಾಲ್ಕುಲೇಟರ್ ತಂದು ಕ್ರೇಟಿನ ಮುಂದೆ ಕುರ್ಚಿ ಹಾಕಿದರು. ಒಂದು ಜೀರುಂಡೆಯ ಕೂಗನ್ನು ಎಣಿಸಬೇಕು ಎನ್ನುವ ಮಾತು ಅವರ ತಲೆಗೆ ಹೋಗಿರಲಿಲ್ಲ. ಇಡೀ ಕ್ರೇಟಿನದನ್ನು ಎಣಿಸಿದರು. ಬಸವೇಶ್ವರನಗರದಲ್ಲಿ ನೀರು ತಾನಾಗಿಯೇ ಕುದಿಯುವಷ್ಟು ಸೆಕೆ ಇದೆಯೆಂದು ಲೆಕ್ಕ ಬಂತು. ಅವರು ಸ್ವೆಟರ್ ಹಾಕಿಕೊಂಡಿದ್ದರು. ಸೂತ್ರ ಬೇರೆ ದೇಶದ ಮರಜೀರುಂಡೆಯದು, ನಮ್ಮದು ಬೇರೆ ಎಂದು ಮಗಳು ಸಮಜಾಯಿಷಿ ಕೊಟ್ಟರೆ, "ಹಾಗಾದ್ರೆ ಇಂಡಿಯನ್ ಸ್ಟ್ಯಾಂಡರ್ಡ್ ಒಂದು ಮಾಡ್ಬೇಕು" ಎಂದು ಇಂದಿಗೂ ವಾರಕ್ಕೊಮ್ಮೆ ನೋಟ್‌ಬುಕ್ ಹಿಡಿದು ಇಳಿದು ಬರುತ್ತಾರೆ. ಚೀನಾದಲ್ಲಿ ಹದಿಮೂರನೇ ಶತಮಾನದಲ್ಲಿ ಜಿಯಾ ಸಿದಾವ್ ಎಂಬ ಮಂತ್ರಿ, ಮಂಗೋಲರು ರಾಜ್ಯವನ್ನು ನುಂಗುತ್ತಿದ್ದರೂ ಜೀರುಂಡೆಯ ಕಾಳಗದಲ್ಲೇ ಮುಳುಗಿ, ಅದರ ಮೇಲೆ ಪುಸ್ತಕವನ್ನೂ ಬರೆದನೆಂಬ ಅಪಖ್ಯಾತಿ ಹೊತ್ತಿದ್ದಾನೆ. ಮಾಲೀಕರ ಆಸ್ತಿ ತೆರಿಗೆಯ ಕಾಗದ ಮೂರು ವಾರದಿಂದ ಟೀಪಾಯಿಯ ಮೇಲೆ ಬಿದ್ದಿದೆ ಎಂದು ಅವರ ಹೆಂಡತಿ ಹೇಳಿದಾಗ ನನಗೆ ಆ ಮಂತ್ರಿ ನೆನಪಾದ.

ಜೀರುಂಡೆಯ ಹಾಡಿನಲ್ಲಿ ನಿಜವಾಗಿ ದೊಡ್ಡ ಕೆಲಸ ನಡೆದಿರುವುದು ಇಲ್ಲೇ, ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ರೋಹಿಣಿ ಬಾಲಕೃಷ್ಣನ್ ಅವರ ತಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಉಲ್ಲೋಡು ಎಂಬ ಹಳ್ಳಿಯ ಬಳಿ ರಾತ್ರಿಯೆಲ್ಲ ಪೊದೆಗಳ ನಡುವೆ ಕೂತು ಒಂದು ಜಾತಿಯ ಮರಜೀರುಂಡೆಯನ್ನು ನೋಡಿದೆ. ಅದರ ಕೆಲವು ಗಂಡುಗಳು ಎಲೆಯ ನಡುವೆ ಅಳತೆಯ ತೂತು ಕೊರೆದು, ಅದರಲ್ಲಿ ನಿಂತು ರೆಕ್ಕೆಯನ್ನು ಎಲೆಗೆ ಒತ್ತಿ ಹಾಡುತ್ತವೆ. ಎಲೆ ಸದ್ದನ್ನು ಹಿಗ್ಗಿಸುತ್ತದೆ. ಈ ಉಪಾಯ ಹೂಡುವವು ಹೆಚ್ಚಾಗಿ ಸಣ್ಣ ಮೈಯ, ಮೆಲುದನಿಯ ಗಂಡುಗಳು, ಹೆಣ್ಣುಗಳು ದೊಡ್ಡ ದನಿಯವನೇ ಎಂದು ನಂಬಿ ಬರುತ್ತವೆ ಎಂದು 2020ರಲ್ಲಿ ಪ್ರಕಟಿಸಿದರು. ನವೆಂಬರ್ ಒಂದಕ್ಕೆ ಶುರುವಾಗಿ ಡಿಸೆಂಬರಿನ ಚಳಿಯವರೆಗೂ ವಾರ್ಡಿಗೊಂದರಂತೆ ರಾಜ್ಯೋತ್ಸವದ ಆರ್ಕೆಸ್ಟ್ರಾ ಕೇಳುತ್ತ ಬೆಳೆದ ವಿಜಯನಗರ, ರಾಜಾಜಿನಗರದವರಿಗೆ ಇದರಲ್ಲಿ ಹೊಸದೇನೂ ಕಾಣಿಸಲಿಕ್ಕಿಲ್ಲ. ಧ್ವನಿವರ್ಧಕದ ಎದೆಯಳತೆಗೂ ಹಾಡುವವರ ಕಂಠಕ್ಕೂ ಇರುವ ಸಂಬಂಧ ನಮಗೆ ಮುಂಚೆಯೇ ಗೊತ್ತು.

ಒಂದು ಜೂನ್‌ನಲ್ಲಿ ಮಳೆ ಬರದೆ ಕಾವೇರಿ ನೀರು ವಾರಕ್ಕೆರಡು ದಿನವಾದಾಗ, ಎದುರು ಮನೆಯವರು ರಾಜಿಯ ಮನಸ್ಸಿನಿಂದ ಒಂದು ಸಲಹೆ ತಂದರು. ನಿಮ್ಮಲ್ಲಿ ಎರಡು ಕಪ್ಪೆ ಇವೆಯಲ್ಲ, ಮದುವೆ ಮಾಡಿಸಬಾರದೇಕೆ? 2019ರ ಜೂನ್‌ನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂದು ಹೆಸರಿಟ್ಟು ಕಪ್ಪೆಗಳಿಗೆ ಮದುವೆ ಮಾಡಿಸಿದ್ದರು. ಅದೇ ವರ್ಷ ಭೋಪಾಲದಲ್ಲಿ ಹೀಗೆ ಮದುವೆ ಮಾಡಿಸಿದವರು, ಮಳೆ ಅತಿಯಾಗಿ ಊರು ಮುಳುಗುವಂತಾದಾಗ ಸೆಪ್ಟೆಂಬರಿನಲ್ಲಿ ವಿಚ್ಛೇದನವನ್ನೂ ಮಾಡಿಸಿದರು. ಹೋಳಿಗೆ ನಮ್ಮದು, ಪುರೋಹಿತರು ನಿಮ್ಮದು ಎಂಬಲ್ಲಿವರೆಗೆ ಮಾತು ಬಂತು. ಮಗಳು ಕೋಣೆಯಿಂದ ಓಡಿಬಂದಳು. ಪ್ಯಾಕ್‌ಮನ್ ಕಪ್ಪೆಗಳನ್ನು ಒಂದೇ ಡಬ್ಬಿಯಲ್ಲಿ ಬಿಡುವಂತಿಲ್ಲ, ಅಲ್ಲಾಡಿದ್ದೆಲ್ಲ ಅವಕ್ಕೆ ಊಟ. ಧಾರೆಗೆ ಕೂರಿಸಿದರೆ ವರ ವಧುವನ್ನು ನುಂಗುತ್ತಾನೆ. ಎದುರು ಮನೆಯವರು ತಣ್ಣಗೆ, "ಆ ಲೆಕ್ಕಕ್ಕೆ ವಿಚ್ಛೇದನದ ಖರ್ಚು ಉಳೀತು" ಎಂದರು. ನನ್ನ ಹೆಂಡತಿ ನನ್ನ ಕಡೆ ನೋಡಿದ್ದು ಯಾಕೆಂದು ನಾನು ಕೇಳಲಿಲ್ಲ.

ಈಗಿನ ತೊಂದರೆ ಬೇರೆ. ಮುದ್ದೆ ಬಸ್ಸಾರು ಎರಡೂ ದೊಡ್ಡವಾಗಿವೆ. ದೊಡ್ಡ ಕಪ್ಪೆಗೆ ನಾಲ್ಕೈದು ದಿನಕ್ಕೊಮ್ಮೆ ಊಟವಾದರೆ ಸಾಕು, ಅದೂ ಎರೆಹುಳ ಸಿಕ್ಕರೆ ಜೀರುಂಡೆಯ ಕಡೆ ತಿರುಗಿ ನೋಡುವುದಿಲ್ಲ. ಇತ್ತ ಅಮ್ಮನ ಕೈಯಲ್ಲಿ ಬೆಳೆ ಎರಡು ಕ್ರೇಟಿನಿಂದ ಆರು ಕ್ರೇಟಾಗಿದೆ. ಕಮ್ಮಿ ಮಾಡು ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಟಿವಿ ಧಾರಾವಾಹಿಯ ಸೊಸೆಯಂದಿರು ಬೈಸಿಕೊಳ್ಳದೆ ಸೊರಗಿಹೋಗಿದ್ದಾರೆ. "ಬೆಳೆ ಬಂದೈತೆ, ಮಾರ್ಕೆಟ್ ಎಲ್ಲೈತೆ?" ಎಂದು ಅಮ್ಮ ದಿನಾ ಕೇಳತೊಡಗಿದಳು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಜಾಲಾಡಿ ಬಂದವಳಿಗೆ ಜೀರುಂಡೆಗೊಂದು ಹರಾಜುಕಟ್ಟೆ ಇಲ್ಲವೆನ್ನುವುದು ಸರ್ಕಾರದ ಲೋಪವಾಗಿ ಕಂಡಿತು.

ಕೊನೆಗೆ, ಹಿಂದೆ ನಮಗೆ ಡಬ್ಬಿ ಮಾರುತ್ತಿದ್ದ ಅಂಗಡಿಯ ಹುಡುಗನನ್ನೇ ಮಗಳು ಕರೆಸಿದಳು. ಕಳೆದ ಭಾನುವಾರ ಬಂದ. ಸೆಂಟು ಹಾಕಿಕೊಂಡು ಬಂದಿದ್ದರಿಂದ ಮೊದಲು ಸಂಪಿನ ಹತ್ತಿರ ನಿಂತು ಕೈ ಕಾಲು ಕತ್ತು ತೊಳೆಯಬೇಕಾಯಿತು. ಕ್ರೇಟುಗಳನ್ನು ನೋಡಿ ಬೆರಗಾದ. ಒಂದೂ ಸತ್ತಿಲ್ಲ, ವಾಸನೆಯೂ ಇಲ್ಲ, ಹೇಗೆ ಎಂದು ಕೇಳಿದ. ಯಾವೂರಪ್ಪ ನಿಂದು ಎಂದಳು ಅಮ್ಮ. ಕನಕಪುರದ ಕಡೆ, ತಾತನ ಕಾಲದಲ್ಲಿ ಮನೆಯಲ್ಲಿ ಹುಳು ಮೇಯಿಸುತ್ತಿದ್ದರು ಎಂದ. ಸುಣ್ಣಕಟ್ಟು, ಹಾಲುತೊಂಡೆ, ಗಂಟುರೋಗ ಎಲ್ಲದರ ಮೇಲೂ ಮಾತಾಯಿತು, ಊಜಿ ನೊಣಕ್ಕೆ ಇಬ್ಬರೂ ಸೇರಿ ಶಾಪ ಹಾಕಿದರು, ಕಾಫಿ ಬಂತು. ಇನ್ನೇನು ವ್ಯಾಪಾರ ಕುದುರಿತು ಎನ್ನುವಾಗ ತೂಕದ ಪ್ರಶ್ನೆ ಎದ್ದಿತು. ಗೂಡಿನ ಹಾಗೆ ಕೆಜಿ ಲೆಕ್ಕ ಎಂದು ಅಮ್ಮ. ಈ ಬಾಬತ್ತಿನಲ್ಲಿ ತಲೆ ಲೆಕ್ಕವೇ ಅಜ್ಜಿ ಎಂದು ಅವನು. ಮಾಲೀಕರು ನೋಟ್‌ಬುಕ್ ಹಿಡಿದು ಇಳಿದು ಬಂದರು, ನೂರು ತೂಕ ಮಾಡಿ ಸರಾಸರಿ ತೆಗೆಯಬಹುದೆಂದು ಸೂಚಿಸಿದರು. ಇಬ್ಬರೂ ಒಪ್ಪಲಿಲ್ಲ. ಸರಿ, ಎಣಿಸು ಎಂದು ಅಮ್ಮ ಮೊದಲ ಕ್ರೇಟಿನ ಮುಚ್ಚಳ ತೆಗೆದಳು. ಅವನು ಟ್ರೇ ಎತ್ತಿ ಕೊಡವಿದ. ಐದಾರು ಒಟ್ಟಿಗೇ ಚಿಮ್ಮಿ ಒಂದು ಅವನ ಜೇಬಿಗೆ, ಒಂದು ಮಾಲೀಕರ ನೋಟ್‌ಬುಕ್ಕಿಗೆ, ಮಿಕ್ಕವು ಅಡುಗೆಮನೆಯ ದಿಕ್ಕಿಗೆ ಹೋದವು. ಇವು ಯಾರ ಲೆಕ್ಕಕ್ಕೆ ಎಂದು ಹುಡುಗ ಅಮ್ಮನ ಮುಖ ನೋಡಿದ.

"ಮುಚ್ಚಳ ತೆಗೆದ ಮ್ಯಾಲೆ ಹಾರಿದ್ದೆಲ್ಲ ನಿಂದೇ ಕಣಪ್ಪ. ಎಣಿಸ್ಕೊ, ಮುಂದಕ್ಕೆ ನಡಿ" ಎಂದಳು ಅಮ್ಮ.